ಗಾಳಿಕೋವಿಯ ಲೆಕ್ಕ

ಗಾಳಿಕೋವಿಯೆಂದರೆ ಜಾತ್ರೆಯಲ್ಲಿ ಬಲೂನು ಒಡೆಯುವ ಆಟದ ವಸ್ತುವೆಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ತೋಟ ತುಡಿಕೆ ಉಳ್ಳವರು ಅದನ್ನು ಎಳನೀರು ಕೀಳಲು ಬರುವ ಕೋತಿಗಳನ್ನು ಬೆದರಿಸುವ ಸಾಧನವೆಂದು ಬಲ್ಲರು. ಈ ಎರಡೂ ಅಲ್ಲದ ಮೂರನೆಯ ಬಾಳೊಂದು ಅದಕ್ಕುಂಟು. ಹತ್ತು ಮೀಟರು ದೂರದಲ್ಲಿ ತೂಗಹಾಕಿದ ಗುರಿಯ ನಡುವಿನ ಚುಕ್ಕೆಗೆ ನಿಂತು ಹೊಡೆಯುವ ಆ ಕ್ರೀಡೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಿಂದ ಒಲಿಂಪಿಕ್ ಪಂಕ್ತಿಗೆ ಸೇರಿತು. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಕೊನೆಯ ಹೊಡೆತದಲ್ಲಿ 10.8 ಅಂಕ ಗಳಿಸಿ, ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಚಿನ್ನವನ್ನು ತಂದುದು ಈ ಗಾಳಿಕೋವಿಯಿಂದಲೇ. 2023ರಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಎಂಬ ಹದಿನೈದರ ಬಾಲೆ ಕೊರಿಯದ ಚಾಂಗ್‌ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿಯನ್ನು ಗೆದ್ದದ್ದೂ ಇದರಿಂದಲೇ.

ಈ ಕ್ರೀಡೆಯ ಮಹಿಮೆಯನ್ನು ಕೊಂಡಾಡುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಕೈಯಲ್ಲಿ ಹಣ ಕಡಿಮೆ ಇರುವವರು ಮೊದಲನೆಯ ರೈಫಲನ್ನು, ಅದರಲ್ಲೂ ಪಿ.ಸಿ.ಪಿ. ಎಂದು ಕರೆಯಲ್ಪಡುವ ಒತ್ತುಗಾಳಿಯ ರೈಫಲನ್ನು, ಯಾವ ಲೆಕ್ಕದ ಮೇಲೆ ಆರಿಸಬೇಕೆಂಬುದೊಂದೇ ಇಲ್ಲಿಯ ವಿಚಾರ.

ಇದನ್ನು ಬರೆಯಲು ಕಾರಣವುಂಟು. ನಮ್ಮ ಕಾಲೇಜಿನ ಮೂವರು, ನಾನೂ ಸೇರಿ, ಎನ್.ಸಿ.ಸಿ. ಶಿಬಿರದಲ್ಲಿ ರೈಫಲು ಹಿಡಿದ ದಿನದಿಂದ ಈ ಹುಚ್ಚಿಗೆ ಬಿದ್ದೆವು. ಭಾನುವಾರಗಳಲ್ಲಿ ಬಸ್ಸು ಹಿಡಿದು ಜಿಲ್ಲಾ ಕೇಂದ್ರದ ಕ್ಲಬ್ಬಿಗೆ ಹೋದರೆ ಅಲ್ಲಿದ್ದುದು ಒಂದೇ ಒಳ್ಳೆಯ ರೈಫಲು. ಸರದಿ ಬಂದಾಗ ಇಪ್ಪತ್ತು ಪೆಲೆಟ್ ಹೊಡೆದು ಹಿಂದಿರುಗಬೇಕು. ಕೊನೆಗೆ ಮೂವರೂ ಪಾಲು ಹಾಕಿ ಒಂದನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು. ತಲೆಗೆ 22,000 ರೂಪಾಯಿ, ಒಟ್ಟು 66,000. ಒಬ್ಬಳದು ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದು. ಇನ್ನೊಬ್ಬನದು ಎರಡು ಬೇಸಗೆಯ ರಜೆಯಲ್ಲಿ ಕಾಯಿ ಸುಲಿದ ಕೂಲಿ. ನನ್ನದು ಅವ್ವ ಸಾಕಿದ ಕಡಸನ್ನು ಮಾರಿ, ಮುಂದೆ ಎಂ.ಎ.ಗೆ ಸೇರುವಾಗ ಬೇಕಾದೀತೆಂದು ಎತ್ತಿಟ್ಟಿದ್ದ ಹಣ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಅಪ್ಪ ಒಂದೇ ಮಾತು ಕೇಳಿದರು: "ಇದ್ರಿಂದ ನೌಕರಿ ಏನಾದ್ರೂ ಸಿಕ್ತದೇನವ್ವಾ?" ಇಲ್ಲವೆಂದು ಹೇಳಿದೆ. "ಹಂಗಾದ್ರೆ ಲೆಕ್ಕನಾದ್ರೂ ಸರಿಯಾಗಿ ಮಾಡು" ಎಂದರು. ಮುಂದೆ ಬರುವುದು ಆ ಲೆಕ್ಕವೇ.

ಮೊದಲು ಒಂದಿಷ್ಟು ಚರಿತ್ರೆ; ಚರಿತ್ರೆಯನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಗಾಳಿಯನ್ನು ಮುಂಚಿತವಾಗಿ ಒತ್ತಿ ತುಂಬಿಟ್ಟು, ಬೇಕಾದಾಗ ಸ್ವಲ್ಪ ಸ್ವಲ್ಪವೇ ಬಿಟ್ಟು ಗುಂಡು ಹಾರಿಸುವ ಯುಕ್ತಿ ನಿನ್ನೆ ಮೊನ್ನೆಯದಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜಿರಾರ್ಡೋನಿ ಎಂಬಾತನು ಆಸ್ಟ್ರಿಯದ ಸೈನ್ಯಕ್ಕಾಗಿ ಇಂಥ ಕೋವಿಯನ್ನು ರಚಿಸಿದನು. ಭುಜಕ್ಕೆ ಒರಗುವ ಹಿಂಭಾಗವೇ ಅದರ ಗಾಳಿಯ ಬುರುಡೆ. ಹೊಗೆಯಿಲ್ಲ, ಮದ್ದಿಲ್ಲ, ಇಪ್ಪತ್ತು ಗುಂಡುಗಳನ್ನು ಒಂದರ ಹಿಂದೊಂದು ಹೊಡೆಯಬಹುದಾಗಿತ್ತು. 1803ರಿಂದ 1806ರ ವರೆಗೆ ಅಮೆರಿಕ ಖಂಡವನ್ನು ದಾಟಿದ ಲೂಯಿಸ್ ಮತ್ತು ಕ್ಲಾರ್ಕರ ತಂಡವೂ ಒಂದು ಗಾಳಿಕೋವಿಯನ್ನು ಒಯ್ದು, ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳಿಗೆ ಹೊಡೆದು ತೋರಿಸಿ ಬೆರಗುಗೊಳಿಸಿತು. ಆದರೆ ಆಸ್ಟ್ರಿಯದ ಸೈನ್ಯ ಈ ಆಯುಧವನ್ನು ಬಹುಕಾಲ ಇಟ್ಟುಕೊಳ್ಳಲಿಲ್ಲ. ಬುರುಡೆಯನ್ನು ತುಂಬಲು ಕೈಪಂಪನ್ನು ಸುಮಾರು ಸಾವಿರದೈನೂರು ಸಲ ಒತ್ತಬೇಕಾಗಿತ್ತು. ಅದರ ಕೀಲು ಕವಾಟಗಳೂ ಸೂಕ್ಷ್ಮ. ಕೋವಿ ಒಳ್ಳೆಯದು, ಗಾಳಿಯೇ ತುಟ್ಟಿ! ಎರಡು ಶತಮಾನಗಳ ಮೇಲೆ ನಾವು ಮೂವರು ಮಾಡಿದ ಲೆಕ್ಕದಲ್ಲಿಯೂ ಮುಖ್ಯವಾಗಿ ಎದ್ದು ನಿಂತದ್ದು ಇದೇ ಸಂಗತಿ.

ಗಾಳಿಕೋವಿಗಳಲ್ಲಿ ಸ್ಥೂಲವಾಗಿ ಮೂರು ಬಗೆಯುಂಟು. ಸ್ಪ್ರಿಂಗಿನ ಕೋವಿಯಲ್ಲಿ ಪ್ರತಿ ಸಲವೂ ನಳಿಗೆಯನ್ನೋ ಸನ್ನೆಯನ್ನೋ ಎಳೆದು ಸ್ಪ್ರಿಂಗನ್ನು ಬಿಗಿಯಬೇಕು. ಟ್ರಿಗರ್ ಒತ್ತಿದಾಗ ಪಿಸ್ಟನ್ನು ಮುನ್ನುಗ್ಗಿ ಗಾಳಿಯನ್ನು ಒತ್ತುತ್ತದೆ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಪಿಸ್ಟನ್ನಿನ ನೆಗೆತಕ್ಕೆ ಇಡೀ ಕೋವಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಗ್ಗುತ್ತದೆ. ಎರಡನೆಯದು ಒಂದೇ ಒತ್ತಿಗೆ ಒಂದು ಹೊಡೆತದ ಗಾಳಿಯನ್ನು ಕೂಡಿಡುವ ಬಗೆ. ಒಂದು ಕಾಲಕ್ಕೆ ಸ್ಪರ್ಧೆಗಳಲ್ಲಿ ಮೆರೆದು ಈಗ ಹಿಂದೆ ಸರಿದಿದೆ. ಮೂರನೆಯದೇ ನಮ್ಮ ಪಿ.ಸಿ.ಪಿ. ಇದರಲ್ಲಿ ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ನೂರಾರು ಹೊಡೆತಗಳಿಗೆ ಬೇಕಾಗುವ ಗಾಳಿ ಮೊದಲೇ ತುಂಬಿರುತ್ತದೆ. ಟ್ರಿಗರ್ ಒತ್ತಿದಾಗ ಒಂದು ಸಣ್ಣ ಸುತ್ತಿಗೆ ಕವಾಟವನ್ನು ತಟ್ಟಿ, ಒಂದು ಗುಟುಕು ಗಾಳಿಯನ್ನು ಹೊರಬಿಡುತ್ತದೆ. ಕೋವಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಆದಕಾರಣ ತಪ್ಪು ಬಿದ್ದರೆ ಅದು ಹೊಡೆದವನದೇ ಹೊರತು ಕೋವಿಯದಲ್ಲವೆಂದು ತಿಳಿಯಬಹುದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಆ ಸಿಲಿಂಡರಿನ ಒತ್ತಡವೆಷ್ಟೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪಂಕ್ಚರು ಅಂಗಡಿಯಲ್ಲಿ ಲಾರಿಯ ಚಕ್ರಕ್ಕೆ ತುಂಬುವುದು ಎಂಟು ಬಾರ್ ಆಸುಪಾಸು. ಪಿ.ಸಿ.ಪಿ. ರೈಫಲಿಗೆ ತುಂಬುವುದು 200 ಬಾರ್. ಎಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ನೂರು ಕಿಲೋದ ಎರಡು ರಾಗಿ ಮೂಟೆಗಳನ್ನು ಹೇರಿದಂತೆ. ಈ ಸಿಲಿಂಡರಿಗೆ ಕೆನ್ನೆಯನ್ನು ಒಂದು ಗೇಣಿಗಿಂತ ಹತ್ತಿರವಿಟ್ಟು ನಾವು ಗುರಿ ನೋಡುತ್ತೇವೆ. ಅಗ್ಗವಾಗಿ ಸಿಕ್ಕಿತೆಂದು ಯಾವುದನ್ನಾದರೂ ಕೊಳ್ಳುವ ಮಾತು ಇಲ್ಲಿಗೆ ಸಲ್ಲದೆಂಬುದು ಇಷ್ಟರಿಂದಲೇ ವೇದ್ಯವಾಗುತ್ತದೆ.

ಇನ್ನು ಆರಿಸುವ ಮಾತು. ಅಂಗಡಿಗೆ ಹೋದೊಡನೆ ಎಲ್ಲರೂ ಹೇಳುವುದು ಕೋವಿಯ ಶಕ್ತಿಯ ಸುದ್ದಿ. ಇದು ಇಷ್ಟು ದಪ್ಪದ ಹಲಗೆಯನ್ನು ತೂರುತ್ತದೆ, ಅದು ಸೆಕೆಂಡಿಗೆ ಇಷ್ಟು ಅಡಿ ಹಾರುತ್ತದೆ, ಇತ್ಯಾದಿ. ಆದರೆ ಹತ್ತು ಮೀಟರಿನ ಗುರಿ ಕೇಳುವುದೇನು? ಅದರ ನಡುವಿನ ಹತ್ತರ ಚುಕ್ಕೆ ಕೇವಲ ಅರ್ಧ ಮಿಲಿಮೀಟರು; ರಾಗಿಕಾಳಿನ ಅರ್ಧಕ್ಕೂ ಕಡಿಮೆ. ಅಳುಕಬೇಕಾದುದಿಲ್ಲ. ಪೆಲೆಟ್ಟಿನ ಅಗಲವೇ 4.5 ಮಿಲಿಮೀಟರು ಇರುವುದರಿಂದ, ಅದರ ಅಂಚು ಚುಕ್ಕೆಯನ್ನು ಮುಟ್ಟಿದರೂ ಹತ್ತು ಅಂಕ. ಎಂದರೆ ಪೆಲೆಟ್ಟಿನ ನಡುವು ಸುಮಾರು ಒಂದು ಹೆಸರುಕಾಳಿನಷ್ಟು ವೃತ್ತದೊಳಗೆ ಬೀಳಬೇಕು. ಅಲ್ಲಿಂದಾಚೆಗೆ ಎರಡೂವರೆ ಮಿಲಿಮೀಟರು ಸರಿದಂತೆಲ್ಲ ಒಂದೊಂದು ಅಂಕ ಕಡಿಮೆ. ಗುರಿಯಿರುವುದು ಕಾಗದದ ಮೇಲೆ. ಕಾಗದವನ್ನು ತೂರಲು ಎಷ್ಟು ಶಕ್ತಿ ಬೇಕು? ಸ್ಪರ್ಧೆಯ ರೈಫಲುಗಳು ಸೆಕೆಂಡಿಗೆ ಸುಮಾರು 175 ಮೀಟರು ವೇಗದಲ್ಲಿ, ಎಂಟು ಜೂಲ್ ಆಸುಪಾಸಿನ ಶಕ್ತಿಯಲ್ಲಿ ಹೊಡೆಯುತ್ತವೆ. ತೂತು ಆಳವಾಯಿತೆಂದು ಯಾವ ತೀರ್ಪುಗಾರನೂ ಅರ್ಧ ಅಂಕ ಹೆಚ್ಚು ಕೊಡುವುದಿಲ್ಲ.

ಶಕ್ತಿ ಹೆಚ್ಚಿದಷ್ಟೂ ಗಾಳಿ ಖರ್ಚು. ನಾವು ನೋಡಿದ ರೈಫಲಿನ ಸಿಲಿಂಡರು 150 ಮಿಲಿಲೀಟರಿನದು. ಅದನ್ನು 200 ಬಾರಿಗೆ ತುಂಬಿ 110 ಬಾರಿಗೆ ಇಳಿಯುವ ತನಕ ಹೊಡೆದರೆ, ಬಾಯ್ಲನ ನಿಯಮದ ಪ್ರಕಾರ ಹೊರಗಿನ ಲೆಕ್ಕದಲ್ಲಿ ಹದಿಮೂರೂವರೆ ಲೀಟರು ಗಾಳಿ ಖರ್ಚಾಗುತ್ತದೆ. ಎಂಟು ಜೂಲಿನ ಒಂದು ಹೊಡೆತಕ್ಕೆ ಸುಮಾರು 75 ಮಿಲಿಲೀಟರು ಗಾಳಿ ಸಾಕೆಂದಿಟ್ಟುಕೊಂಡರೆ 180 ಹೊಡೆತಗಳಾದವು. ಸ್ಪರ್ಧೆಯ ಒಂದು ಸರಣಿಗೆ ಅರವತ್ತು ಹೊಡೆತ; ಮೂವರಿಗೆ ತಲಾ ಒಂದೊಂದು ಸರಣಿ! ಅದೇ ರೈಫಲನ್ನು 20 ಜೂಲಿಗೆ ಏರಿಸಿದರೆ ಎಪ್ಪತ್ತಕ್ಕೆ ಮುಗಿದೀತು. ಮತ್ತೆ ಪಂಪಿಗೆ ಕೈ ಹಚ್ಚಬೇಕು. ಕಡಿಮೆ ಶಕ್ತಿಯನ್ನು ಕೇಳಿ ಪಡೆಯುವುದು ಬಡವನಿಗೆ ಲಾಭವೆಂದು ಈ ಒಂದು ಲೆಕ್ಕದಿಂದ ನನಗೆ ಖಚಿತವಾಯಿತು.

ಕಾಯಿದೆಯೂ ಇದನ್ನೇ ಹೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗಾಳಿಕೋವಿಯ ಶಕ್ತಿ 20 ಜೂಲನ್ನು ಮೀರಿದರೆ, ಇಲ್ಲವೆ ನಳಿಗೆಯ ಒಳವ್ಯಾಸ 4.5 ಮಿಲಿಮೀಟರನ್ನು ಮೀರಿದರೆ, ಲೈಸೆನ್ಸು ಬೇಕು. ಸ್ಪರ್ಧೆಯ ರೈಫಲು ಎರಡು ಮಿತಿಗಳನ್ನೂ ದಾಟುವುದಿಲ್ಲ. ಅಂಗಡಿಯವರು ಗುರುತಿನ ಚೀಟಿಯ ನಕಲು ಕೇಳಿದರೆ ಕೊಟ್ಟು ರಸೀದಿ ಪಡೆಯತಕ್ಕದ್ದು. ನಮ್ಮಜ್ಜಿ ರೈಫಲಿನ ಚಿತ್ರವನ್ನು ನೋಡಿ, "ಕೋತಿ ಓಡ್ಸಕ್ಕಾದ್ರೂ ಆಯ್ತದಾ ಮಗಾ?" ಎಂದಿತು. ಆಗುವುದಿಲ್ಲವೆಂದೆ. ಕಾಡುಪ್ರಾಣಿ ಪಕ್ಷಿಗಳ ಮೇಲೆ ಇದನ್ನು ಎತ್ತುವವನು 1972ರ ವನ್ಯಜೀವಿ ಕಾಯಿದೆಗೆ ಉತ್ತರ ಹೇಳಬೇಕಾಗುತ್ತದೆ. ಅಜ್ಜಿಗೆ ಆ ಕೂಡಲೇ ಈ ವಸ್ತುವಿನ ಮೇಲಿದ್ದ ಗೌರವವೆಲ್ಲ ಹೊರಟುಹೋಯಿತು.

ಶಕ್ತಿಯನ್ನು ಬಿಟ್ಟರೆ ಕೇಳಬೇಕಾದುದು ಸಮತೆ. ಇದಕ್ಕೂ ಲೆಕ್ಕವುಂಟು. ಸೆಕೆಂಡಿಗೆ 175 ಮೀಟರು ವೇಗದ ಪೆಲೆಟ್ ಹತ್ತು ಮೀಟರು ಸಾಗುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ 16 ಮಿಲಿಮೀಟರು ಕೆಳಗಿಳಿಯುತ್ತದೆ. ವೇಗ 165ಕ್ಕೆ ಇಳಿದರೆ 18 ಮಿಲಿಮೀಟರು. ವ್ಯತ್ಯಾಸ ಎರಡು ಮಿಲಿಮೀಟರು. ಹೆಚ್ಚುಕಡಿಮೆ ಒಂದು ಅಂಕ. ಕೈ ನಡುಗದೆ, ಕಣ್ಣು ತಪ್ಪದೆ, ಬರಿಯ ಗಾಳಿಯ ಏರಿಳಿತದಿಂದಲೇ ಒಂದು ಅಂಕ ಹೋಗಬಹುದು! ಸಾಧಾರಣ ಪಿ.ಸಿ.ಪಿ.ಯಲ್ಲಿ ಸಿಲಿಂಡರು ಪೂರ್ತಿ ತುಂಬಿರುವಾಗ ಒತ್ತಡವೇ ಕವಾಟವನ್ನು ಅದುಮಿ ಹಿಡಿಯುವುದರಿಂದ ವೇಗ ಕೊಂಚ ಕಡಿಮೆ. ಮಧ್ಯದಲ್ಲಿ ಏರಿ, ಕಡೆಗೆ ಮತ್ತೆ ಇಳಿಯುತ್ತದೆ. ಇದನ್ನು ಸರಿಪಡಿಸಲು ರೆಗ್ಯುಲೇಟರು ಎಂಬ ಭಾಗವಿದೆ. ಅಡಿಗೆಮನೆಯ ಗ್ಯಾಸಿನ ಸಿಲಿಂಡರಿಗೆ ಕೂರಿಸುವ ರೆಗ್ಯುಲೇಟರಿನ ಧರ್ಮವೇ ಇದರದೂ: ಒಳಗೆ ಎಷ್ಟೇ ಒತ್ತಡವಿರಲಿ, ಹೊರಗೆ ಕೊಡುವುದು ಒಂದೇ ಸಮ. ಎರಡು ರೈಫಲುಗಳಲ್ಲಿ ಒಂದಕ್ಕೆ ಹೊಳೆಯುವ ಮರದ ಹಿಡಿ, ಇನ್ನೊಂದಕ್ಕೆ ರೆಗ್ಯುಲೇಟರು ಇದ್ದರೆ ಎರಡನೆಯದನ್ನೇ ಆರಿಸಬೇಕೆಂದು ನನ್ನ ಅಭಿಪ್ರಾಯ.

ಬೆಲೆಯ ವಿಷಯದಲ್ಲಿ ವಾಚಕರು ಗಮನಿಸಬೇಕಾದ ಮುಖ್ಯ ಸಂಗತಿ ಬೇರೆ. ಚೀಟಿಯ ಮೇಲೆ ಬರೆದಿರುವುದು ರೈಫಲಿನ ಬೆಲೆ, ಹೊಡೆಯುವ ಬೆಲೆಯಲ್ಲ. ಜರ್ಮನಿಯ ವಾಲ್ಥರ್, ಆನ್‌ಶುಟ್ಜ್, ಫೈನ್‌ವೆರ್ಕ್‌ಬಾವ್, ಆಸ್ಟ್ರಿಯದ ಸ್ಟೈಯರ್ ಇವು ಜಗತ್ತಿನ ಸ್ಪರ್ಧೆಗಳಲ್ಲಿ ಕಾಣುವ ಹೆಸರುಗಳು. ಹೊಸದಾದರೆ ನಮ್ಮ ದೇಶದಲ್ಲಿ ಎರಡು ಲಕ್ಷವನ್ನು ಸುಲಭವಾಗಿ ದಾಟುತ್ತವೆ. ಅವುಗಳನ್ನು ದೂರದಿಂದ ನಮಸ್ಕರಿಸಿ ಬಿಟ್ಟೆವು. ಪ್ರೆಸಿಹೋಲಿನಂಥ ಭಾರತೀಯ ತಯಾರಕರ ರೈಫಲುಗಳೂ ಈಗ ಉಂಟು. ಅವು ನಮ್ಮ ಮೊತ್ತದ ಆಸುಪಾಸಿಗೆ ಬರುತ್ತವೆ. ಆದರೆ ಇದ್ದ ಅರವತ್ತಾರು ಸಾವಿರವನ್ನೂ ರೈಫಲಿಗೇ ಸುರಿದರೆ ಗಾಳಿ ತುಂಬುವುದು ಯಾವುದರಿಂದ? ಪೆಲೆಟ್ ಕೊಳ್ಳುವುದು ಯಾವುದರಿಂದ? ಅರ್ಥಶಾಸ್ತ್ರದಲ್ಲಿ ಜೋಡಿ ಸರಕುಗಳೆಂದು ಓದುತ್ತೇವಲ್ಲ, ಲೇಖನಿ ಮತ್ತು ಶಾಯಿ ಎಂದು, ಇದೂ ಹಾಗೆಯೇ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ರೈಫಲಿನ ಮೇಲೆ ಹಾಕಕೂಡದೆಂದು ಒಂದು ಗೆರೆ ಎಳೆದುಕೊಂಡೆವು.

ಆ ಗೆರೆಗೆ ಪರೀಕ್ಷೆ ಬಹುಬೇಗ ಬಂದಿತು. ಕ್ರೀಡೆಯನ್ನು ಬಿಟ್ಟಿದ್ದ ಒಬ್ಬರು ತಮ್ಮ ವಿದೇಶೀ ರೈಫಲನ್ನು 58,000ಕ್ಕೆ ಕೊಡುವುದಾಗಿ ಹೇಳಿ ಕಳುಹಿಸಿದರು. ನೋಡಲು ಹೋದೆವು. ಅಂಥ ವಸ್ತುವನ್ನು ಕೈಯಲ್ಲಿ ಹಿಡಿಯುವುದೇ ಒಂದು ಭಾಗ್ಯ. ಟ್ರಿಗರ್ ನೂರು ಗ್ರಾಂ ಭಾರಕ್ಕೆ ಬಿಡುತ್ತಿತ್ತು. ಬೆರಳು ಒತ್ತಿತೋ, ಇಲ್ಲ ಬರಿದೇ ನೆನೆಯಿತೋ ಎಂಬಷ್ಟು ನವಿರು. ಕಾಯಿ ಸುಲಿದ ನಮ್ಮ ಗೆಳೆಯ ಅದನ್ನು ಹೆಗಲಿಗೇರಿಸಿದವನು ಕೆಳಗಿಡಲೊಲ್ಲ. ಮಾರುವವರು ಸಜ್ಜನರು, ಏನನ್ನೂ ಮುಚ್ಚಿಡಲಿಲ್ಲ. ಸಿಲಿಂಡರನ್ನು ತಿರುಗಿಸಿ ಬಿಚ್ಚಿ ನೋಡಿದಾಗ ಅದರ ಮೇಲೆ ಒತ್ತಿದ್ದ ಇಸವಿ 2012.

ಹಳೆಯ ಪಿ.ಸಿ.ಪಿ. ಕೊಳ್ಳುವವರು ಮೊತ್ತಮೊದಲು ನೋಡಬೇಕಾದುದು ಈ ಇಸವಿಯನ್ನು. ಗಾಳಿಯನ್ನು ತುಂಬುವುದು ಬಿಡುವುದು ನಡೆದಂತೆಲ್ಲ ಲೋಹ ಹಿಗ್ಗಿ ಕುಗ್ಗಿ ದಣಿಯುತ್ತದೆ. ಕಣ್ಣಿಗೆ ಕಾಣದ ಬಿರುಕು, ಒಳಗಿನ ತೇವದಿಂದ ಹಿಡಿದ ತುಕ್ಕು, ಇವು ಹೊರಗಿನ ಹೊಳಪಿನಿಂದ ತಿಳಿಯತಕ್ಕವಲ್ಲ. ಆದ್ದರಿಂದ ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಆಯುಸ್ಸನ್ನು ಗೊತ್ತುಮಾಡಿರುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧಾ ನಿಯಮಗಳೂ ಸಿಲಿಂಡರು ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಸ್ಪರ್ಧಿಯ ಮೇಲೆಯೇ ಹೊರಿಸಿವೆ. ಹೊಸ ಸಿಲಿಂಡರಿಗೆ ವಿಚಾರಿಸಿದಾಗ ನಮಗೆ ಬಂದ ದರ 24,000 ರೂಪಾಯಿ, ಅದೂ ತಿಂಗಳುಗಟ್ಟಲೆ ಕಾಯಬೇಕು. ಪಂಪಿನ 9,000 ಸೇರಿಸಿ. ಐವತ್ತೆಂಟು ಸಾವಿರದ ರೈಫಲು ತೊಂಬತ್ತೊಂದು ಸಾವಿರವಾಯಿತು, ಒಂದೇ ಒಂದು ಪೆಲೆಟ್ ಕೊಳ್ಳುವ ಮುನ್ನ.

ಗೆಳೆಯನ ವಾದ ಬೇರೆ. "ಸದ್ಯಕ್ಕೆ ಇದೇ ಸಿಲಿಂಡರಲ್ಲಿ ಹೊಡೆಯೋಣ, ಯಾರು ನೋಡ್ತಾರೆ?" ಎಂದ. ಗೆಳತಿ, "ಕೆನ್ನೆ ನಿಂದಾದ್ರೆ ನೀನು ಹೇಳು, ನಂದೂ ಅಲ್ಲೇ ಇರ್ತದಲ್ಲ" ಎಂದಳು. ಬಸ್ಸಿನಲ್ಲಿ ಮೂವರೂ ಮಾತಾಡದೆ ಬಂದೆವು. ಮರುದಿನ ಬೆಳಗ್ಗೆ ಅವನೇ ಬಂದು, ಬೇಡ ಎಂದ. ಅವಧಿಯೊಳಗಿನ ಸಿಲಿಂಡರು ಸಹಿತ ಅಷ್ಟೇ ಬೆಲೆಗೆ ಸಿಕ್ಕಿದ್ದರೆ ಹಳೆಯ ವಿದೇಶೀ ರೈಫಲೇ ಹೊಸ ದೇಶೀ ರೈಫಲಿಗಿಂತ ಮೇಲೆಂದು ಇಂದಿಗೂ ನಾನು ಹೇಳುತ್ತೇನೆ. ಒಳ್ಳೆಯ ನಳಿಗೆಯೂ ಟ್ರಿಗರೂ ಇಪ್ಪತ್ತು ವರ್ಷಕ್ಕೂ ಹಳತಾಗುವುದಿಲ್ಲ.

ಮುಂದಿನ ವಿಚಾರ ಮೈಗೆ ಒಗ್ಗುವುದು. ದರ್ಜಿಯ ಬಳಿ ಅಂಗಿಗೆ ಅಳತೆ ಕೊಡುವ ನಾವು ಕೋವಿಯನ್ನು ಮಾತ್ರ ಚಿತ್ರ ನೋಡಿ ಕೊಳ್ಳುತ್ತೇವೆ! ಕ್ಲಬ್ಬಿನ ತರಬೇತುದಾರರು ಹೇಳಿಕೊಟ್ಟ ಪರೀಕ್ಷೆ ಸರಳವಾದುದು. ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ರೈಫಲನ್ನು ಹೆಗಲಿಗೆ ತಂದು, ಕೆನ್ನೆಯನ್ನು ಸಹಜವಾಗಿ ಒರಗಿಸಬೇಕು. ಆಮೇಲೆ ಕಣ್ಣು ತೆರೆಯಬೇಕು. ಪೀಪ್ ಸೈಟಿನ ರಂಧ್ರವೂ ನಳಿಗೆಯ ತುದಿಯ ಉಂಗುರವೂ ತಾವಾಗಿಯೇ ಒಂದೇ ನೇರದಲ್ಲಿ ಕಂಡರೆ ಕೋವಿ ನಿಮ್ಮದು. ಕತ್ತನ್ನು ಚಾಚಿಯೋ ಕುಗ್ಗಿಸಿಯೋ ಹುಡುಕಬೇಕಾದರೆ ಅದು ಬೇರೆಯವರದು. ನಮ್ಮ ಗೆಳತಿ ಐದಡಿಗೂ ಒಂದು ಅಂಗುಲ ಕಡಿಮೆ, ಗೆಳೆಯ ಆರಡಿ. ಆದಕಾರಣ ಕೆನ್ನೆ ಒರಗುವ ಪಟ್ಟಿಯೂ ಭುಜಕ್ಕೆ ತಾಗುವ ತಟ್ಟೆಯೂ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುವ ರೈಫಲನ್ನೇ ಹುಡುಕಬೇಕಾಯಿತು. ಒಬ್ಬರೇ ಕೊಳ್ಳುವವರೂ ಇದನ್ನು ಬಿಡಬಾರದು. ಹದಿನಾರರಲ್ಲಿ ಕೊಂಡವರು ಹದಿನೆಂಟಕ್ಕೆ ಬೆಳೆದಿರುತ್ತಾರೆ. ಇನ್ನು ತೂಕ. ನಿಯಮ ಐದೂವರೆ ಕಿಲೋದ ವರೆಗೆ ಬಿಡುತ್ತದೆ. ಭಾರವಿದ್ದರೆ ಸ್ಥಿರತೆ ಹೆಚ್ಚೆಂಬುದು ನಿಜ, ಆದರೆ ಅರವತ್ತು ಸಲ ಎತ್ತಿ ಇಳಿಸುವ ಬೆನ್ನು ಹೊಸಬರದಾದರೆ ನಾಲ್ಕು ಕಿಲೋ ಸಾಕು. ದೂರದರ್ಶಕಕ್ಕೆ ಈ ಸ್ಪರ್ಧೆಯಲ್ಲಿ ಅವಕಾಶವಿಲ್ಲ. ಅಂಗಡಿಯವನು ಅದನ್ನು ಜೊತೆಗೆ ಸೇರಿಸಿ ಕೊಡುತ್ತೇನೆಂದರೆ, ಅದರ ಬದಲು ಪೀಪ್ ಸೈಟನ್ನು ಕೇಳತಕ್ಕದ್ದು.

ಗಾಳಿ ತುಂಬುವ ಬಗೆಯನ್ನು ಕೊಳ್ಳುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು. ದೊಡ್ಡ ಊರಿನ ಕ್ಲಬ್ಬುಗಳಲ್ಲಿ ಕಂಪ್ರೆಸರು ಉಂಟು. ಅಂಥದು ಹತ್ತಿರವಿದ್ದರೆ ಪುಣ್ಯವಂತರು. ನಮ್ಮಂಥವರಿಗೆ ಕೈಪಂಪೇ ಗತಿ. ಸೈಕಲ್ಲಿನ ಪಂಪಿನಂತೆ ಕಂಡರೂ ಇದರೊಳಗೆ ಒಂದರೊಳಗೊಂದು ಮೂರು ಕೊಳವೆಗಳಿದ್ದು, ಗಾಳಿಯನ್ನು ಮೂರು ಹಂತಗಳಲ್ಲಿ ಒತ್ತುತ್ತದೆ. ಪೂರ್ತಿ ಖಾಲಿ ಮಾಡಿ ತುಂಬುವುದಕ್ಕಿಂತ ಆಗಾಗ್ಗೆ ತುಂಬಿಸಿಕೊಳ್ಳುವುದು ಸುಲಭ. 110ರಿಂದ 200 ಬಾರಿಗೆ ಏರಿಸಲು ಎಷ್ಟು ಒತ್ತು ಬೇಕಾಯಿತೆಂದು ನಾವು ಎಣಿಸಿದಾಗ ತೊಂಬತ್ತರ ಹತ್ತಿರ ಬಂದಿತು. ಮೂವರಿಗೆ ಹಂಚಿದರೆ ತಲಾ ಮೂವತ್ತು. ರಾಗಿ ಬೀಸಿದ ಕೈಗಳಿಗೆ ಅದೇನು ಮಹಾ! ಮಧ್ಯೆ ಪಂಪು ಬಿಸಿಯಾಗುತ್ತದೆ, ಆಗ ಅದಕ್ಕೆ ವಿಶ್ರಾಂತಿ ಬೇಕು. ಗಾಳಿಯಲ್ಲಿರುವ ತೇವ ಸಿಲಿಂಡರಿನೊಳಗೆ ನೀರಾಗಿ ಕೂರುವುದರಿಂದ, ಮಳೆಗಾಲದಲ್ಲಿ ತೇವವನ್ನು ಹೀರುವ ಸಿಲಿಕಾ ಹರಳುಗಳನ್ನು ಪಂಪಿನ ಬಾಯಿಗೆ ಹಾಕಿ, ಅವು ಬಣ್ಣ ಬದಲಿಸಿದಾಗ ಬೇರೆ ಹಾಕಬೇಕು.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳದಿದ್ದರೆ ಲೇಖನವೇ ವ್ಯರ್ಥ. ವೆಲ್ಡಿಂಗ್ ಅಂಗಡಿಯಲ್ಲಿ ಆಮ್ಲಜನಕದ ಸಿಲಿಂಡರು ಇರುತ್ತದೆ, ಒತ್ತಡವೂ ಬೇಕಾದಷ್ಟಿರುತ್ತದೆ. ಅದನ್ನು ಎಂದೆಂದಿಗೂ ಈ ಕೋವಿಗೆ ತುಂಬಕೂಡದು. ಒತ್ತಿದ ಆಮ್ಲಜನಕಕ್ಕೆ ಒಂದು ತೊಟ್ಟು ಜಿಡ್ಡು ತಾಗಿದರೆ ಸ್ಫೋಟವಾಗುತ್ತದೆ. ಅಂತೆಯೇ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬೈಕಿನ ಎಣ್ಣೆಯನ್ನಾಗಲಿ ಗಾಳಿ ಹಾಯುವ ಭಾಗಗಳಿಗೆ ಸವರಕೂಡದು. ಡೀಸೆಲ್ ಎಂಜಿನ್ನಿನಲ್ಲಿ ಬರಿಯ ಒತ್ತಡದಿಂದಲೇ ಎಣ್ಣೆ ಹೊತ್ತಿಕೊಳ್ಳುವುದಿಲ್ಲವೇ? ಇಲ್ಲಿಯೂ ಅದೇ ಅಪಾಯ. ಸಂದುಗಳನ್ನು ಬಿಗಿಯುವ ರಬ್ಬರಿನ ಬಳೆಗಳಿಗೆ ಸಿಲಿಕೋನ್ ಗ್ರೀಸು ಮಾತ್ರ. ಓ-ರಿಂಗ್ ಎಂಬ ಆ ಬಳೆಗಳು ಎಂದಾದರೊಂದು ದಿನ ಸವೆದು ಗಾಳಿ ಸೋರಿಯೇ ಸೋರುತ್ತದೆ. ಅವುಗಳ ಅಳತೆಗಳ ಪಟ್ಟಿಯನ್ನು ಕೊಡಲಾರದ ಮಾರಾಟಗಾರನಲ್ಲಿ ರೈಫಲನ್ನು ಕೊಳ್ಳಬಾರದೆಂಬುದು ನನ್ನ ಖಂಡಿತವಾದ ಮಾತು.

ಕೊನೆಗೆ ನಾವು ಕೊಂಡದ್ದು ದೇಶದಲ್ಲೇ ತಯಾರಾದ, ರೆಗ್ಯುಲೇಟರುಳ್ಳ, ಶಕ್ತಿಯನ್ನು ಸ್ಪರ್ಧೆಯ ಮಟ್ಟಕ್ಕೆ ತಗ್ಗಿಸಿ ಹೊಂದಿಸಿಕೊಟ್ಟ ಒಂದು ರೈಫಲನ್ನು: 41,500 ರೂಪಾಯಿ. ಪೀಪ್ ಸೈಟಿಗೆ 7,000, ಪಂಪಿಗೆ 9,000, ಬಳೆಗಳು ಗ್ರೀಸು ಇತ್ಯಾದಿಗೆ 1,000. ಉಳಿದ 7,500ನ್ನು ಪೆಲೆಟ್ಟಿಗೂ ಗುರಿಯ ಹಾಳೆಗಳಿಗೂ ಮುಡಿಪಿಟ್ಟೆವು. ದಪ್ಪ ಕ್ಯಾನ್ವಾಸಿನ ಕೋಟನ್ನು ಕ್ಲಬ್ಬಿನಲ್ಲಿ ಎರವಲು ಪಡೆಯುತ್ತೇವೆ. ಟ್ರಿಗರ್ ಮಾತ್ರ ಆ ಜರ್ಮನ್ ರೈಫಲಿನದರಂತೆ ಇಲ್ಲ, ಸ್ವಲ್ಪ ಒರಟು. ಗೆಳೆಯ ಈಗಲೂ ಒಮ್ಮೊಮ್ಮೆ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಾನೆ.

ಪೆಲೆಟ್ಟಿನ ವಿಷಯದಲ್ಲಿ ದುಬಾರಿಯದೇ ಉತ್ತಮವೆಂಬ ನಿಯಮವಿಲ್ಲ. ಪ್ರತಿಯೊಂದು ನಳಿಗೆಗೂ ಅದರದೇ ರುಚಿ. ನಾಲ್ಕು ಬಗೆಯನ್ನು ಒಂದೊಂದು ಡಬ್ಬಿ ತರಿಸಿ, ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಒಂದೊಂದರಲ್ಲೂ ಹತ್ತು ಹೊಡೆದು ತೂತುಗಳ ಗುಂಪನ್ನು ಅಳೆದೆವು. ಬೆಲೆಯಲ್ಲಿ ಎರಡನೆಯದಾಗಿದ್ದ ಡಬ್ಬಿ ಗುಂಪಿನಲ್ಲಿ ಮೊದಲನೆಯದಾಯಿತು. ಸೀಸದ ವಸ್ತುವಾದ್ದರಿಂದ ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಕೂಡದು. ಗುರಿಯ ಹಿಂದೆ ಗಟ್ಟಿ ತಡೆಯೂ, ಅದರ ಹಿಂದೆ ಜನ ಓಡಾಡದ ಗೋಡೆಯೂ ಇರತಕ್ಕದ್ದು. ಪೆಲೆಟ್ಟನ್ನೂ ಗಾಳಿಯನ್ನೂ ಖರ್ಚು ಮಾಡದೆ ಬರಿಯ ಟ್ರಿಗರನ್ನು ಒತ್ತಿ ಅಭ್ಯಾಸ ಮಾಡುವ ಅನುಕೂಲ ಕೆಲವು ರೈಫಲುಗಳಲ್ಲಿ ಉಂಟು, ನಮ್ಮದರಲ್ಲಿ ಉಂಟು. ಕೊಳ್ಳುವಾಗ ಇದನ್ನು ಮರೆಯದೆ ಕೇಳಬೇಕು. ಮೂರು ಒತ್ತುಗಳಲ್ಲಿ ಎರಡನ್ನು ನಾವು ಹೀಗೆ ಕಾಸಿಲ್ಲದೆ ಅಭ್ಯಾಸ ಮಾಡುತ್ತೇವೆ.

ಈಗ ರೈಫಲು ವಾರಕ್ಕೊಂದು ಮನೆಯಂತೆ ಸರದಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯೊಳಗೆ, ತಿರುಗುತ್ತಿದೆ. ಕೆನ್ನೆಯ ಪಟ್ಟಿಯ ಕಂಬಿಯ ಮೇಲೆ ಗೆಳತಿಯ ಉಗುರುಬಣ್ಣದಿಂದ ಮೂರು ಗೆರೆ ಎಳೆದಿದ್ದೇವೆ: ಕೆಂಪು ಅವಳದು, ಹಸುರು ಗೆಳೆಯನದು, ಗುಲಾಬಿ ನನ್ನದು. ಕೈ ಬದಲಾದಾಗ ಪಟ್ಟಿಯನ್ನು ತಂತಮ್ಮ ಗೆರೆಗೆ ಸರಿಸಿಕೊಂಡರಾಯಿತು. ಅಪ್ಪನಿಗೆ ಅರವತ್ತಾರು ಸಾವಿರದ ಲೆಕ್ಕವನ್ನು ಓದಿ ಹೇಳಿದೆ. ಪಂಪಿಗೆ 9,000 ಎಂದಾಗ ತಡೆದು, "ಬರೀ ಗಾಳಿಗಾ?" ಎಂದರು. ಪಂಪನ್ನು ತಂದು ಮುಂದಿಟ್ಟೆ. ಹತ್ತು ಸಲ ಒತ್ತಿ ನೋಡಿ, ಬೆವರು ಒರೆಸಿಕೊಂಡು, ಮುಂದಿನ ಬಾಬ್ತನ್ನು ಓದು ಎಂದರು.